ಓದಿದ ಕಥೆ, ನೋಡಿದ ಚಿತ್ರ

ಮೆಚ್ಚಿದ ಪುಸ್ತಕವೊಂದು ಚಲಚ್ಚಿತ್ರವಾಗಿ ಬಂದಾಗ, ಅದನ್ನು ನೋಡಿ ಮನೆಗೆ ಹಿಂದಿರುಗಿದವರ ಬಾಯಿಂದ ‘ಕೆಡಿಸಿಬಿಟ್ಟರು’ ಎಂಬ ಮಾತು ಹೊರಡುವುದು ಸಾಮಾನ್ಯ. ಮಾತು ಸಣ್ಣದು, ಆದರೆ ಅದರೊಳಗೆ ಒಂದು ದೂರು ಅಡಗಿದೆ. ಕೆಟ್ಟುದು ಯಾವುದು? ಪುಸ್ತಕವು ಕಪಾಟಿನಲ್ಲಿ ಇದ್ದಂತೆಯೇ ಇದೆ. ಅದರ ಒಂದಕ್ಷರವೂ ಅಳಿದಿಲ್ಲ. ಒಡವೆ ಪೆಟ್ಟಿಗೆಯಲ್ಲಿಯೇ ಇರುವಾಗ ಕಳವಾಯಿತೆಂದು ಕೂಗುವವನನ್ನು ಯಾವ ನ್ಯಾಯಾಧಿಪತಿಯಾದರೂ ನಕ್ಕು ಕಳುಹಿಸಿಯಾನು. ಆದರೂ ಈ ದೂರು ಹುರುಳಿಲ್ಲದ್ದೆಂದು ನಮಗೆ ತೋರುವುದಿಲ್ಲ. ನಷ್ಟಪಟ್ಟವರು ಯಾರು, ನಷ್ಟವಾದುದೇನು ಎಂಬುದನ್ನು ತುಸು ನಿಧಾನವಾಗಿ ವಿಚಾರಿಸಬೇಕಾಗಿದೆ.

ಮೊದಲು ನೆನಪಿಗೆ ಬರುವವನು ಗ್ರಂಥಕರ್ತನು. ತ. ರಾ. ಸುಬ್ಬರಾಯರ ಮೂರು ಕಾದಂಬರಿಗಳನ್ನು ಕೂಡಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ‘ನಾಗರಹಾವು’ ಚಿತ್ರವನ್ನು ತೆಗೆದರು. ಜನರು ಅದನ್ನು ತಲೆಯ ಮೇಲೆ ಹೊತ್ತು ಮೆರೆಸಿದರು. ಗ್ರಂಥಕರ್ತರಾದರೋ ತಮ್ಮ ನಾಗರಹಾವು ಕೇರೆಹಾವಾಯಿತೆಂದು ನೊಂದುಕೊಂಡರೆಂಬುದು ನಾಡಿನಲ್ಲೆಲ್ಲ ಹಬ್ಬಿದ ಮಾತು. ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಚಿತ್ರವು ಕಳಪೆಯಾಗಿರಲಿಲ್ಲ, ಲಕ್ಷಾಂತರ ಜನರಿಗೆ ರಾಮಾಚಾರಿಯ ಪರಿಚಯವಾದುದೇ ಆ ಚಿತ್ರದಿಂದ. ಹಾಗಾದರೆ ಆಶಾಭಂಗಕ್ಕೂ ಕೃತಿಯ ಗುಣದೋಷಕ್ಕೂ ನೇರವಾದ ಸಂಬಂಧವಿಲ್ಲವೆಂದಾಯಿತು. ಇನ್ನು, ಹಕ್ಕನ್ನು ಮಾರಿದ ಗ್ರಂಥಕರ್ತನು ಒಪ್ಪಿಗೆ ಕೊಟ್ಟವನಷ್ಟೆ. ಹೊಲವನ್ನು ಕ್ರಯಕ್ಕೆ ಕೊಟ್ಟವನು, ಕೊಂಡವನು ಅದರಲ್ಲಿ ಭತ್ತದ ಬದಲು ಕಬ್ಬು ನೆಟ್ಟನೆಂದು ಎಷ್ಟು ದೂರಿಯಾನು? ಕೋಟದ ಶಿವರಾಮ ಕಾರಂತರಂತೂ ತಮ್ಮ ‘ಕುಡಿಯರ ಕೂಸು’ ಕಾದಂಬರಿಯನ್ನು 1978ರಲ್ಲಿ ‘ಮಲೆಯ ಮಕ್ಕಳು’ ಎಂಬ ಹೆಸರಿನಿಂದ ತಾವೇ ಚಿತ್ರವಾಗಿಸಿದರು. ಬರೆದವರೂ ಅವರೇ, ತೆಗೆದವರೂ ಅವರೇ. ದೂರು ಕೊಡುವುದಾದರೂ ಯಾರ ಮೇಲೆ? ಆದರೂ ಇಂದು ಆ ಕಾದಂಬರಿಯನ್ನು ಬಲ್ಲವರಲ್ಲಿ ಚಿತ್ರವನ್ನು ಬಲ್ಲವರು ವಿರಳ.

ಓದುಗನ ಸಂಗತಿ ಬೇರೆ. ಅವನು ಏನನ್ನೂ ಮಾರಲಿಲ್ಲ. ಅವನನ್ನು ಯಾರೂ ಕೇಳಲಿಲ್ಲ. ಅವನ ಮನಸ್ಸಿನೊಳಗೆ ಮೂಡಿದ್ದ ರೂಪವನ್ನು ಬೆಳ್ಳಿತೆರೆಯ ರೂಪವು ಒತ್ತಿ ಕೂರುವುದೇ ಅವನ ಸಂಕಟವೆಂದು ಕೆಲವರು ಹೇಳುವುದುಂಟು. ಈ ಸಮಾಧಾನವು ಮೇಲುನೋಟಕ್ಕೆ ಸರಿಯೆನಿಸಿದರೂ ಚಿತ್ರಕಾದಂಬರಿಗಳ ವಿಷಯದಲ್ಲಿ ನಿಲ್ಲಲಾರದು. ಅಲ್ಲಿ ರೂಪವು ಮೊದಲೇ ಬರೆಯಲ್ಪಟ್ಟಿರುತ್ತದೆ. ಆಂಗ್ಲ ಲೇಖಕ ಅಲನ್ ಮೂರ್ ಮತ್ತು ಚಿತ್ರಕಾರ ಡೇವ್ ಗಿಬ್ಬನ್ಸ್ ಇವರು 1986-87ರಲ್ಲಿ ಹನ್ನೆರಡು ಸಂಚಿಕೆಗಳಾಗಿ ಹೊರತಂದ ‘ವಾಚ್‌ಮೆನ್’ 2009ರಲ್ಲಿ ಚಿತ್ರವಾಯಿತು. ಮುಕ್ತಾಯವನ್ನು ಬದಲಿಸಿದರಾದರೂ, ಎಷ್ಟೋ ದೃಶ್ಯಗಳನ್ನು ಪುಟದಲ್ಲಿದ್ದಂತೆಯೇ ನಿಲ್ಲಿಸಿದರು. ಮೂರ್ ತನ್ನ ಹೆಸರನ್ನೇ ಅದರಲ್ಲಿ ಹಾಕಗೊಡಲಿಲ್ಲ. ಓದುಗರಲ್ಲಿಯೂ ಅನೇಕರಿಗೆ ತೃಪ್ತಿಯಾಗಲಿಲ್ಲ. ರೂಪ ಅದೇ, ಬಣ್ಣವೂ ಬಹುಮಟ್ಟಿಗೆ ಅದೇ, ತಪ್ಪಿದುದೇನು? ನಮ್ಮ ಮಟ್ಟಿಗೆ ಹೇಳುವುದಾದರೆ, ತಪ್ಪಿದುದು ಕಾಲ. ಪುಟದ ಮುಂದೆ ಕುಳಿತವನು ಬೇಕಾದಲ್ಲಿ ನಿಲ್ಲುವನು, ಹಿಂದಿರುಗುವನು, ಒಂದು ಮೂಲೆಯ ಸಣ್ಣ ಗೆರೆಯನ್ನು ದಿಟ್ಟಿಸುತ್ತ ಅರ್ಧ ಗಳಿಗೆ ಕಳೆಯುವನು. ಚಿತ್ರಮಂದಿರದಲ್ಲಿ ಈ ಸ್ವಾತಂತ್ರ್ಯವಿಲ್ಲ. ನೆರೆಯ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಗಳು 1967ರಲ್ಲಿ ತೊಡಗಿಸಿದ ಅಮರಚಿತ್ರಕಥೆಯ ಪುಸ್ತಕಗಳನ್ನು ಹರಿಯುವವರೆಗೆ ಓದಿ ಬೆಳೆದವರು ಇದನ್ನು ತಾವೇ ಬಲ್ಲರು.

ಹಾಗೆಂದು ಕಥೆಯನ್ನು ಮಾರ್ಪಡಿಸುವುದೇ ಅಪರಾಧವೆನ್ನೋಣವೇ? ಮಂದಾರ್ತಿಯ ಮೇಳವನ್ನೋ ಮಾರಣಕಟ್ಟೆಯ ಮೇಳವನ್ನೋ ನೋಡಿ ಬೆಳೆದ ನಾವು ಹಾಗೆನ್ನುವಂತಿಲ್ಲ. ಭಾರತದ ಕಥೆಯನ್ನು ಪ್ರಸಂಗಕರ್ತನು ಒಮ್ಮೆ ಮಾರ್ಪಡಿಸುವನು; ಭಾಗವತನು ಪದ್ಯಗಳನ್ನು ಆಯ್ದು ಇನ್ನೊಮ್ಮೆ; ವೇಷಧಾರಿಯು ಅರ್ಥ ಹೇಳುತ್ತ ಮತ್ತೊಮ್ಮೆ. ನಿನ್ನೆಯ ಕರ್ಣನಲ್ಲ ಇಂದಿನ ಕರ್ಣ. ಇದನ್ನು ನಾವು ಸಹಿಸುವುದು ಮಾತ್ರವಲ್ಲ, ಇದಕ್ಕಾಗಿಯೇ ನಿದ್ದೆಗೆಟ್ಟು ಕೂರುತ್ತೇವೆ. ಆದರೆ ಚಪ್ಪಾಳೆಯ ಆಸೆಯಿಂದ ಯಾವನಾದರೂ ಕರ್ಣನನ್ನು ಹಾಸ್ಯಗಾರನನ್ನಾಗಿ ಮಾಡಿದರೆ ಹಿಂದಿನ ಸಾಲಿನ ಮುದುಕನೊಬ್ಬನು ಎದ್ದು ಹೋಗುವನು. ಅವನಿಗೆ ಮೂಲಶ್ಲೋಕ ತಿಳಿಯದು. ಕರ್ಣನಿಗೆ ಅನ್ಯಾಯವಾಯಿತೆಂಬುದು ಮಾತ್ರ ತಿಳಿಯುವುದು. ಅಲ್ಲದೆ ಆಟಕ್ಕೆ ನಾಳೆಯ ರಾತ್ರಿ ಇದೆ. ಕೆಟ್ಟುದನ್ನು ಇನ್ನೊಬ್ಬ ಕಲಾವಿದನು ಸರಿಪಡಿಸಿಯಾನು. ಚಲಚ್ಚಿತ್ರವಾದರೋ ಒಮ್ಮೆ ಅಚ್ಚೊತ್ತಿದರೆ ಮುಗಿಯಿತು.

ಕಥೆಯೊಳಗಿನವರಿಗೆ ಅನ್ಯಾಯವಾಗುವುದೆಂದರೇನು? ಕಲ್ಪನೆಯ ಮನುಷ್ಯನಿಗೆ ನೋವುಂಟೇ ಎಂದು ತರ್ಕಶಾಸ್ತ್ರಿಗಳು ಕೇಳಬಹುದು. 1933ರ ‘ಚೋಮನ ದುಡಿ’ಯನ್ನು ತೆಗೆದುಕೊಳ್ಳಿರಿ. ಚೋಮನಿಗೆ ಬೇಕಾದುದು ಸಾಗುವಳಿಗೆ ಒಂದು ತುಂಡು ಭೂಮಿ. ಅವನಲ್ಲಿ ಎತ್ತುಗಳಿವೆ, ತೋಳಿದೆ. ಜಾತಿಯ ಕಾರಣದಿಂದ ನೆಲ ಮಾತ್ರ ದೊರೆಯದು. ಆ ಬಯಕೆಯನ್ನು ಗೌಣವಾಗಿಸಿ ಮಕ್ಕಳ ದುಃಖವೊಂದನ್ನೇ ಮುಂದಿಟ್ಟು ಪ್ರೇಕ್ಷಕರ ಕಣ್ಣೀರನ್ನು ಪಡೆಯುವುದು ಸುಲಭವಾಗಿತ್ತು. ಹಾಗೆ ಮಾಡಿದ್ದರೆ ಕಾಗದದ ಮೇಲಿನ ಚೋಮನಿಗೇನೂ ಆಗುತ್ತಿರಲಿಲ್ಲ. ಆದರೆ ಅವನಂತೆ ನೆಲವಿಲ್ಲದೆ ಸತ್ತ ನಿಜವಾದ ಜನರ ಬಾಳಿನ ಬಗ್ಗೆ ಸುಳ್ಳು ಹೇಳಿದಂತಾಗುತ್ತಿತ್ತು. 1975ರಲ್ಲಿ ಬಿ. ವಿ. ಕಾರಂತರು ಆ ಸುಲಭದ ದಾರಿಯನ್ನು ಹಿಡಿಯಲಿಲ್ಲ. ಬಣ್ಣವಿಲ್ಲದ ಆ ಚಿತ್ರದಲ್ಲಿ ವಾಸುದೇವರಾಯರ ಚೋಮನು ನೋಡುವವರ ಕರುಣೆಯನ್ನು ಬೇಡುವುದಿಲ್ಲ. ಅದಕ್ಕೆ ರಾಷ್ಟ್ರದ ಸ್ವರ್ಣಕಮಲ ಬಂದುದಕ್ಕಿಂತ ಇದೇ ನಮಗೆ ದೊಡ್ಡದಾಗಿ ಕಾಣುವುದು. ಪುಸ್ತಕದ ಪುಟಕ್ಕೆ ನಿಷ್ಠೆ ಬೇರೆ, ಪುಟವು ಯಾರಿಗಾಗಿ ಬರೆಯಲ್ಪಟ್ಟಿತೋ ಅವರಿಗೆ ನಿಷ್ಠೆ ಬೇರೆ. ನಿರ್ದೇಶಕನಿಂದ ನಾವು ಕೇಳತಕ್ಕದ್ದು ಎರಡನೆಯದನ್ನು.

ಎಲ್ಲಕ್ಕಿಂತ ಕಠಿನವಾದುದು ‘ಮೂಕಜ್ಜಿಯ ಕನಸುಗಳು’. 1968ರ ಈ ಕಾದಂಬರಿಯನ್ನು ಪಿ. ಶೇಷಾದ್ರಿಯವರು 2019ರಲ್ಲಿ ತೆರೆಗೆ ತಂದರು, ಅಜ್ಜಿಯಾದವರು ಬಿ. ಜಯಶ್ರೀ. ಶ್ರದ್ಧೆಯಿಂದ ಮಾಡಿದ ಕೆಲಸ. ಇಲ್ಲಿ ಸುಳ್ಳಿನ ಮಾತೇ ಇಲ್ಲ. ಆದರೂ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ‘ಇವಳು ನಮ್ಮ ಅಜ್ಜಿಯಲ್ಲ’ ಎಂದವರಿದ್ದಾರೆ. ಕಾರಣವು ನಟಿಯಲ್ಲಿಲ್ಲ. ಹಳೆಯ ವಸ್ತುವೊಂದನ್ನು ಕೈಗೆ ಕೊಟ್ಟರೆ ಅಜ್ಜಿಗೆ ಹಿಂದಿನದು ಕಾಣುತ್ತದೆ. ಮೊಮ್ಮಗ ಸುಬ್ಬರಾಯನಿಗೆ ಕಾಣುವುದಿಲ್ಲ, ಅವನು ಕೇಳುತ್ತಾನೆ. ನಂಬಬೇಕೋ ಬೇಡವೋ ಎಂಬ ಅವನ ತೊಳಲಾಟದಲ್ಲಿ ಓದುಗನೂ ಪಾಲುಗಾರನು. ಅಜ್ಜಿ ಕಂಡುದನ್ನು ಕಣ್ಣೆದುರಿಗೆ ತೋರಿಸಿದರೆ ಸಂದೇಹಕ್ಕೆ ಎಡೆಯಿಲ್ಲದಾಗುವುದು. ತೋರಿಸದಿದ್ದರೆ ಮುದುಕಿಯೊಬ್ಬಳು ಮಾತಾಡುವುದನ್ನು ಎರಡು ಗಳಿಗೆ ನೋಡಬೇಕಾಗುವುದು. ಎರಡು ದಾರಿಗಳಲ್ಲಿ ಯಾವುದನ್ನು ಹಿಡಿದರೂ ಏನನ್ನಾದರೂ ಬಿಟ್ಟುಕೊಡದೆ ಗತಿಯಿಲ್ಲ. ಇಂತಹ ಆಶಾಭಂಗಕ್ಕೆ ಯಾರನ್ನೂ ಹೊಣೆಮಾಡುವುದು ನ್ಯಾಯವಲ್ಲ.

ಬಾಲ್ಯದಲ್ಲಿಯೇ ವಿಧವೆಯಾದ ಆ ಮುದುಕಿಯ ಹೆಸರು ಕೊಲ್ಲೂರಿನ ದೇವಿಯದೇ, ಮೂಕಾಂಬಿಕೆ. ಓದುವಾಗ ಅವಳಿಗೆ ಮುಖವನ್ನು ಕೊಟ್ಟವರು ನಾವೇ. ಮನೆಯ ಜಗಲಿಯಲ್ಲಿ ಕಾಲು ಚಾಚಿ ಕುಳಿತಿದ್ದ ಯಾವಳೋ ದೊಡ್ಡಮ್ಮನ ಮುಖವನ್ನು ಕೊಟ್ಟೆವು. ಮೊದಲು ಓದಿ ಬಳಿಕ ನೋಡಿದವನಲ್ಲಿ ಎರಡು ಮುಖಗಳು ಉಳಿಯುವುವು. ಮೊದಲೇ ನೋಡಿದ ಮಗುವಿಗೆ ಮುಂದೆ ಪುಸ್ತಕವನ್ನು ತೆರೆದಾಗಲೂ ತೆರೆಯ ಮುಖವೇ ಎದುರಾಗುವುದು; ಅದರ ದೊಡ್ಡಮ್ಮನಿಗೆ ಆ ಪುಟಗಳಲ್ಲಿ ಸ್ಥಳ ದೊರೆಯುವುದೋ ಇಲ್ಲವೋ ನಾವು ಹೇಳಲಾರೆವು.