ಗೇಣಿ ಕೊಟ್ಟ ಮೇಲೂ ಬಿಟ್ಟಿ

ಪುಕ್ಕಟೆ ಸಿಗುವ ಇಮೇಲು, ನಕ್ಷೆ, ವಿಡಿಯೊಗಳ ವಿಷಯದಲ್ಲಿ ನಾವೆಲ್ಲ ಒಂದು ಲೆಕ್ಕಾಚಾರಕ್ಕೆ ಒಗ್ಗಿಹೋಗಿದ್ದೇವೆ. ದುಡ್ಡು ಕೇಳದವನು ಇನ್ನೇನನ್ನೋ ಕೇಳುತ್ತಾನೆ. ಅಲ್ಲಿ ನಮ್ಮ ಮಾಹಿತಿಯೇ ಬೆಲೆ. ವ್ಯಾಪಾರ ಅಷ್ಟೇನೂ ಚೆನ್ನಾಗಿಲ್ಲ, ಆದರೆ ವ್ಯಾಪಾರ ಅಂತ ಅರ್ಥವಾದರೂ ಆಗುತ್ತದೆ. ಪೂರ್ತಿ ದುಡ್ಡು ಕೊಟ್ಟು ಕೊಂಡ ಸಾಫ್ಟ್‌ವೇರ್ ಕೂಡ ತಯಾರಕರಿಗೆ ಮಾಹಿತಿ ಕಳುಹಿಸುತ್ತಲೇ ಇದ್ದು, ಅದನ್ನು ನಿಲ್ಲಿಸುವ ಗುಂಡಿಯೇ ಇಲ್ಲದಿದ್ದರೆ ಆ ಲೆಕ್ಕ ಕೂಡುವುದಿಲ್ಲ. ಬೆಲೆ ಸಂದಾಯವಾಗಿದೆ. ಆಮೇಲೂ ಕೊಡುತ್ತಿರುವುದು ಯಾವ ಬಾಬ್ತಿಗೆ?

ವಿಂಡೋಸ್ ಎಕ್ಸ್‌ಪಿ ಬಳಸಿದವರಿಗೆ ಒಂದು ಪುಟ್ಟ ಚೌಕ ನೆನಪಿರಬೇಕು. 2001ರಲ್ಲಿ ಬಂದ ಆ ವ್ಯವಸ್ಥೆಯಲ್ಲಿ ಯಾವುದಾದರೂ ಪ್ರೋಗ್ರಾಂ ಕೈಕೊಟ್ಟರೆ ಅದು ಪರದೆಯ ನಡುವೆ ಮೂಡಿ, ಹೀಗೆ ತೊಂದರೆಯಾಯಿತು, ಮೈಕ್ರೋಸಾಫ್ಟ್‌ಗೆ ತಿಳಿಸಿ ಎಂದು ಬೇಡಿಕೊಳ್ಳುತ್ತಿತ್ತು. ಕೆಳಗೆ ಎರಡು ಗುಂಡಿ: ಕಳುಹಿಸು, ಕಳುಹಿಸಬೇಡ. ಅರ್ಧ ಟೈಪ್ ಮಾಡಿದ ಪತ್ರ ಹಾಳಾದ ಸಿಟ್ಟಿಗೆ ‘ಬೇಡ’ ಒತ್ತಿದವರೂ ಇದ್ದರು, ಮುಂದಿನವರಿಗಾದರೂ ಸರಿಹೋಗಲಿ ಅಂತ ಕಳುಹಿಸಿದವರೂ ಇದ್ದರು. 2015ರ ಜುಲೈನಲ್ಲಿ ವಿಂಡೋಸ್ 10 ಬರುವ ಹೊತ್ತಿಗೆ ಈ ದಾಕ್ಷಿಣ್ಯ ಹೋಗಿತ್ತು. ಹೋಮ್, ಪ್ರೊ ಆವೃತ್ತಿ ಕೊಂಡವರು ಹೊರಹೋಗುವ ಮಾಹಿತಿಯನ್ನು ತಗ್ಗಿಸಬಹುದಿತ್ತು, ಪೂರ್ತಿ ನಿಲ್ಲಿಸುವಂತಿರಲಿಲ್ಲ. ವಿಂಡೋಸ್ 11ರಲ್ಲಿ ಕಡ್ಡಾಯದ್ದು ಬೇರೆ, ಐಚ್ಛಿಕದ್ದು ಬೇರೆ ಎಂದು ಎರಡು ಪಾಲು ಮಾಡಿದ್ದಾರೆ. ನಮ್ಮನ್ನು ಕೇಳುವುದು ಎರಡನೆಯದರ ಬಗ್ಗೆ ಮಾತ್ರ.

ಏನು ಹೋಗುತ್ತಿದೆ ಎಂದು ನೋಡಲು ಕಂಪನಿಯೇ 2018ರಲ್ಲಿ ಡಯಾಗ್ನಾಸ್ಟಿಕ್ ಡೇಟಾ ವ್ಯೂವರ್ ಎಂಬ ಸಾಧನ ಕೊಟ್ಟಿತು. (ನಮ್ಮದೇ ಮಾಹಿತಿ ನೋಡಲು ಒಂದು ಜಿಬಿವರೆಗೆ ಜಾಗ ಬಿಟ್ಟುಕೊಡಬೇಕಂತೆ. ಇರಲಿ.) ತೆರೆದರೆ ಸಾಲುಸಾಲು ಘಟನೆಗಳ ಹೆಸರು, ಪ್ರತಿಯೊಂದರ ಹೊಟ್ಟೆಯಲ್ಲೂ ಆವರಣ ಚಿಹ್ನೆಗಳ ನಡುವೆ ಒತ್ತೊತ್ತಾದ ಅಂಕಿ-ಅಕ್ಷರ. ಕಡ್ಡಾಯದ ಪಟ್ಟಿಯಲ್ಲಿ ಸೆನ್ಸಸ್.ಬ್ಯಾಟರಿ ಎಂಬ ಒಂದು ಸಾಲುಂಟು, ಬ್ಯಾಟರಿಯ ಬಗೆ ಮತ್ತು ಸಾಮರ್ಥ್ಯ ಹೇಳುತ್ತದೆ. ಸೆನ್ಸಸ್.ಕ್ಯಾಮೆರಾ ಎಂಬುದು ಕ್ಯಾಮೆರಾದ ರೆಸಲ್ಯೂಷನ್ ಹೇಳುತ್ತದೆ. ಹತ್ತು ಸಾಲು ಓದುವಷ್ಟರಲ್ಲಿ ಆಕಳಿಕೆ ಬರುತ್ತದೆ.

ಆ ಆಕಳಿಕೆಯನ್ನೇ ವಾದ ಮಾಡಿಕೊಂಡವರಿದ್ದಾರೆ. ಇದರಲ್ಲಿ ಮುಚ್ಚಿಡುವಂಥದ್ದೇನಿದೆ, ಯಾಕಿಷ್ಟು ರಂಪ ಎನ್ನುತ್ತಾರೆ. ಗುಟ್ಟಿಲ್ಲ ಎಂದೇ ಒಪ್ಪಿಕೊಳ್ಳೋಣ. ಜನಗಣತಿಗೆ ಬಂದ ಮೇಷ್ಟ್ರು ಮನೆಯಲ್ಲಿ ಎಷ್ಟು ಕೋಣೆ, ಕುಡಿಯುವ ನೀರು ಎಲ್ಲಿಂದ ಎಂದು ಕೇಳುವುದರಲ್ಲೂ ಗುಟ್ಟಿಲ್ಲ. ಆದರೂ ಆ ಪ್ರಶ್ನೆಗೆ ಉತ್ತರಿಸಲೇಬೇಕು ಎನ್ನಲು 1948ರಲ್ಲಿ ಒಂದು ಕಾಯ್ದೆಯನ್ನೇ ಮಾಡಬೇಕಾಯಿತು. ಉತ್ತರವನ್ನು ಗೋಪ್ಯವಾಗಿಡಬೇಕು, ಆ ಕಾಯ್ದೆಯಡಿಯ ಮೊಕದ್ದಮೆ ಬಿಟ್ಟರೆ ಬೇರೆಲ್ಲೂ ಅದನ್ನು ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದು ಸರ್ಕಾರ ತನ್ನ ಕೈಯನ್ನೂ ಕಟ್ಟಿಕೊಂಡಿತು. ‘ಬೇಡ’ ಎನ್ನಲಾಗದ ಪ್ರಶ್ನೆ ಕೇಳುವುದು ಅಧಿಕಾರ ಚಲಾಯಿಸುವ ಕೆಲಸ. ಪ್ರಶ್ನೆ ಎಷ್ಟೇ ಸಪ್ಪೆಯಾಗಿರಲಿ, ಕೇಳುವವರಿಗೆ ಆ ಅಧಿಕಾರ ಯಾರು ಕೊಟ್ಟರು ಎನ್ನುವುದು ಸಪ್ಪೆ ವಿಷಯವಲ್ಲ. ಅಂಗಡಿಯಲ್ಲಿ ಲ್ಯಾಪ್‌ಟಾಪ್ ಕೊಂಡವರು ಗಿರಾಕಿಗಳಾಗಿ ಹೋಗಿ ಪ್ರಜೆಗಳಾಗಿ ಮನೆಗೆ ಬಂದಿದ್ದಾರೆ.

ಎಂಜಿನಿಯರುಗಳ ಉತ್ತರವನ್ನು ನಾನು ತಳ್ಳಿಹಾಕುವುದಿಲ್ಲ. ಲೆಕ್ಕವಿಲ್ಲದಷ್ಟು ಬಗೆಯ ಯಂತ್ರಗಳ ಮೇಲೆ ಒಂದೇ ಸಾಫ್ಟ್‌ವೇರ್ ಓಡಬೇಕು. ಯಾವ ಅಪ್‌ಡೇಟ್ ಯಾವ ಯಂತ್ರವನ್ನು ಕೆಡಿಸಿತು ಎಂದು ತಿಳಿಯದೆ ರಿಪೇರಿ ಮಾಡುವುದು ಹೇಗೆ? ಇಷ್ಟಬಂದವರು ಮಾತ್ರ ಕಳುಹಿಸಿದರೆ ಚಿತ್ರ ಓರೆಯಾಗುತ್ತದೆ ಎನ್ನುವುದೂ ಸರಿ. ಆದರೆ ಉಪಯೋಗವಾಗುತ್ತದೆ ಎನ್ನುವುದಕ್ಕೂ ಇಲ್ಲದೆ ನಡೆಯುವುದಿಲ್ಲ ಎನ್ನುವುದಕ್ಕೂ ಬಹಳ ದೂರ. ಅದೇ ವಿಂಡೋಸ್ 10ರ ಎಂಟರ್‌ಪ್ರೈಸ್ ಮತ್ತು ಎಜುಕೇಷನ್ ಆವೃತ್ತಿಗಳಲ್ಲಿ ಹೋಮ್, ಪ್ರೊಗಿಂತ ಕೆಳಗಿನ ಇನ್ನೊಂದು ಹಂತವಿತ್ತು. ವಿಂಡೋಸ್ 11ರಲ್ಲಿ ಆ ಹಂತದ ಹೆಸರೇ ‘ಆಫ್’. ದೊಡ್ಡ ಗಿರಾಕಿಗಳ ಸಾವಿರಾರು ಯಂತ್ರಗಳು ಹಾಗೆಯೇ ನಡೆಯಬಲ್ಲವಾದರೆ ಊರಿನ ಡಿಟಿಪಿ ಅಂಗಡಿಯ ಒಂದು ಯಂತ್ರ ಯಾಕೆ ನಡೆಯಬಾರದು? ಫ್ರಾನ್ಸಿನ ಮಾಹಿತಿ ರಕ್ಷಣಾ ಸಂಸ್ಥೆ ಸಿಎನ್‌ಐಎಲ್ 2016ರ ಜುಲೈನಲ್ಲಿ ಮೈಕ್ರೋಸಾಫ್ಟ್‌ಗೆ ನೋಟಿಸ್ ಕೊಟ್ಟಿತು, ಅತಿಯಾಗಿ ಸಂಗ್ರಹಿಸುತ್ತಿದ್ದೀರಿ ಎಂದು. ಮರುವರ್ಷ ಜೂನ್‌ನಲ್ಲಿ ಪ್ರಕರಣ ಮುಗಿಯುವಾಗ ಕನಿಷ್ಠ ಹಂತದ ಮಾಹಿತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಇದಕ್ಕಿಂತ ಕಮ್ಮಿ ಸಾಧ್ಯವೇ ಇಲ್ಲ ಎಂದಿದ್ದ ಹಂತ ಅದು! ಏನು ಬೇಕೇಬೇಕು ಎನ್ನುವುದನ್ನು ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ಎದುರಿಗೆ ಕೂತವರ ಗಾತ್ರ ತೀರ್ಮಾನಿಸುತ್ತದೆ ಎಂದು ನಾನು ಹೇಳುವುದು ಇದಕ್ಕೇ.

ಜರ್ಮನಿಯ ಚಿಂತಕ ಜಾರ್ಜ್ ಸಿಮ್ಮೆಲ್ 1900ರಲ್ಲಿ ಹಣದ ತತ್ತ್ವವನ್ನು ಕುರಿತ ದೊಡ್ಡ ಗ್ರಂಥದಲ್ಲಿ ಒಂದು ಸೂಕ್ಷ್ಮ ಹೇಳಿದ. ಜೇನು, ಕೋಳಿ ಕೊಡು ಎನ್ನುವ ಜಮೀನ್ದಾರ ರೈತ ಏನು ಸಾಕಬೇಕು ಎಂಬುದನ್ನೂ ತೀರ್ಮಾನಿಸುತ್ತಾನೆ. ಇಷ್ಟು ಹಣ ಕೊಡು ಎಂದ ದಿನದಿಂದ ರೈತನ ಹಿತ್ತಲು ರೈತನದೇ ಆಗುತ್ತದೆ. ಹಣದ ಬಗ್ಗೆ ಕೆಟ್ಟ ಮಾತಾಡುವುದು ನಮಗೆಲ್ಲ ರೂಢಿ, ಆದರೆ ಈ ಒಂದು ಗುಣ ಅದಕ್ಕುಂಟು: ಕೊಟ್ಟರೆ ಸಂಬಂಧ ಚುಕ್ತಾ. ನಮ್ಮ ಕಡೆ ಒಡೆಯನಿಗೆ ಗೇಣಿ ಅಳೆದು ಕೊಟ್ಟ ಒಕ್ಕಲಿಗೂ ಈ ಚುಕ್ತಾ ಸಿಗುತ್ತಿರಲಿಲ್ಲ. ಒಡೆಯನ ಮನೆಯ ಮದುವೆ ಮುಂಜಿಗೆ ಸೌದೆ ಒಡೆಯಲು, ಚಪ್ಪರ ಹಾಕಲು ಬಿಟ್ಟಿ ಚಾಕರಿಗೆ ಹೋಗಬೇಕಿತ್ತು. ಒಂದು ದಿನದ ಸೌದೆ ದೊಡ್ಡ ಕೆಲಸವೇನಲ್ಲ. ಸಿಟ್ಟು ಬರುತ್ತಿದ್ದುದು ‘ಬರುವುದಿಲ್ಲ’ ಎನ್ನುವ ಹಕ್ಕು ಗೇಣಿಯ ಜೊತೆ ಬರಲಿಲ್ಲವಲ್ಲ ಎಂಬುದಕ್ಕೆ. ದುಡ್ಡು ಕೊಟ್ಟ ಮೇಲೂ ನಮ್ಮ ಯಂತ್ರ ತಯಾರಕರ ಪರೀಕ್ಷಾಲಯದಲ್ಲಿ ದಿನವೂ ದುಡಿಯುತ್ತದೆ. ಆ ದುಡಿಮೆಗೆ ಕರೆಂಟು, ಇಂಟರ್ನೆಟ್ಟು ಎರಡೂ ನಮ್ಮವೇ.

ಬೇಡವಾದರೆ ಕೊಳ್ಳಬೇಡಿ, ಲಿನಕ್ಸ್ ಹಾಕಿಕೊಳ್ಳಿ ಎನ್ನುವ ಮಾತು ಹಾಕಿಕೊಳ್ಳಲು ಬಲ್ಲವರಿಗೆ ಸರಿ. ಆಫೀಸಿನ ಕಡತ, ಬ್ಯಾಂಕಿನ ಟೋಕನ್, ಹಳೆಯ ಪ್ರಿಂಟರ್ ಎಲ್ಲ ವಿಂಡೋಸನ್ನೇ ಕೇಳುವಾಗ ಅದು ಉಳಿದವರಿಗೆ ಉಪಯೋಗಕ್ಕೆ ಬಾರದ ಸಲಹೆ.

ನಮ್ಮ ಕಾನೂನು ಇಲ್ಲಿ ಪೂರ್ತಿ ಮೂಕವಾಗಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಖಾಸಗಿತನ ಮೂಲಭೂತ ಹಕ್ಕು ಎಂದಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಂದು ಉದಾಹರಣೆಯನ್ನೇ ಕೊಡುತ್ತದೆ: ವೈದ್ಯರ ಸಲಹೆಯ ಆ್ಯಪ್ ಒಂದು ಫೋನಿನಲ್ಲಿರುವ ನಂಬರುಗಳ ಪಟ್ಟಿಯನ್ನೂ ಕೇಳಿತು, ಬಳಸುವವರು ಹೂಂ ಅಂದರು. ಸಲಹೆಗೆ ಆ ಪಟ್ಟಿ ಅಗತ್ಯವಿಲ್ಲದ್ದರಿಂದ ಅಷ್ಟರ ಮಟ್ಟಿಗೆ ಆ ಹೂಂ ನಿಲ್ಲುವುದಿಲ್ಲ. ಬ್ಯಾಟರಿಯ ಸಾಮರ್ಥ್ಯ ಯಂತ್ರದ್ದು, ವ್ಯಕ್ತಿಯದ್ದಲ್ಲ ಎಂದು ಕಂಪನಿಗಳು ವಾದಿಸಬಹುದು. ವಕೀಲರಿಗೆ ಬಿಡೋಣ.

ಕೊಂಡವರು ಕೇಳುತ್ತಿರುವುದಕ್ಕೆ ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಿಲ್ಲ. ‘ಆಫ್’ ಎನ್ನುವ ಸ್ವಿಚ್ಚು ಈಗಾಗಲೇ ಇದೆ, ದೊಡ್ಡವರ ಆವೃತ್ತಿಯಲ್ಲಿ. ಎಲ್ಲರೂ ಅದನ್ನು ಒತ್ತಿಬಿಟ್ಟರೆ ಏನು ಗತಿ ಎಂದರೆ, ಪರೀಕ್ಷೆ ಮಾಡುವವರನ್ನು ಸಂಬಳಕ್ಕೆ ಇಟ್ಟುಕೊಳ್ಳಬೇಕಾದೀತು, ಇಲ್ಲವೇ ಮಾಹಿತಿ ಕೊಡುವವರಿಗೆ ಬೆಲೆಯಲ್ಲಿ ರಿಯಾಯಿತಿ ಕೊಡಬೇಕಾದೀತು. ಆ ಖರ್ಚು ಬಿಲ್ಲಿನಲ್ಲಿ ಕಾಣಲಿ. ಕೊಳ್ಳುವವರು ನೋಡಿ ಕೊಳ್ಳುತ್ತಾರೆ, ಬಿಡುವವರು ಬಿಡುತ್ತಾರೆ.