ಎರಡು ದೋಣಿಯ ಮೇಲೆ ಕಾಲು

ಕಿರಿಮಂಜೇಶ್ವರದ ಕಡಲ ಬದಿಯಲ್ಲಿ ನಾಡದೋಣಿಯನ್ನು ನೀರಿಗಿಳಿಸುವುದನ್ನು ನೋಡಿದವರಿಗೆ ‘ಎರಡು ದೋಣಿಯ ಮೇಲೆ ಕಾಲಿಟ್ಟ ಹಾಗೆ’ ಎಂಬ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ದಡಕ್ಕೆ ಕಟ್ಟಿದ ಎರಡು ದೋಣಿಗಳ ಮೇಲೆ ಯಾರು ಬೇಕಾದರೂ ನಿಂತಾರು. ಹಗ್ಗ ಬಿಚ್ಚಿದ ಮೇಲೆ ಒಂದನ್ನು ಅಲೆ ಎತ್ತುತ್ತದೆ, ಇನ್ನೊಂದನ್ನು ಇಳಿಸುತ್ತದೆ, ನಡುವಿನ ನೀರು ಅಗಲವಾಗುತ್ತ ಹೋಗುತ್ತದೆ. ದೋಣಿ ಎರಡೂ ಗಟ್ಟಿ. ಬೀಳುವವನು ಮಾತ್ರ ನಡುವೆ ನಿಂತವನು.

ಈ ಮಾತನ್ನು ನಾವು ಹೆಚ್ಚಾಗಿ ಪಕ್ಷ ಬದಲಿಸುವವರಿಗೆ ಮೀಸಲಿಟ್ಟಿದ್ದೇವೆ. ನನಗೆ ಅದು ಭಕ್ತಿಯ ಮಾತಾಗಿ ಕೇಳಿಸುತ್ತದೆ. ಒಬ್ಬ ಆಳು ಇಬ್ಬರು ಯಜಮಾನರಿಗೆ ದುಡಿಯಲಾರನೆಂದು ಯೇಸು ಕಲಿಸಿದ್ದೂ ಇದನ್ನೇ. ಅವರ ಮೊದಲ ಶಿಷ್ಯರು ಗಲಿಲಾಯದ ಮೀನುಗಾರರು. ಕರೆದಾಗ ಬಲೆ, ದೋಣಿ ಬಿಟ್ಟು ಎದ್ದುಬಂದವರು. ಹಾಗೆ ಎದ್ದುಬಂದ ಪೇತ್ರನೇ ಕೋಳಿ ಕೂಗುವ ಮೊದಲು ಮೂರು ಸಲ ‘ನಾನರಿಯೆ’ ಎಂದ. ದೋಣಿ ಹತ್ತುವುದು ಒಂದು ಗಳಿಗೆಯ ಧೈರ್ಯ. ಅದರಲ್ಲಿ ಉಳಿಯುವುದು ಆಯುಷ್ಯದ ಕೆಲಸ. ಗಾದೆ ಬಾಯಿಬಿಟ್ಟು ಹೇಳದೆ ಉಳಿಸಿದ ಅರ್ಧ ಇದು.

ಆ ಅರ್ಧವನ್ನು ಬದುಕಿ ತೋರಿಸಿದವರೊಬ್ಬರು ನಮ್ಮ ಸೀಮೆಯಲ್ಲಿ ಓಡಾಡಿದ್ದರು. ಗೋವೆಯ ಬೆಣಾವಲಿಯಲ್ಲಿ 1651ರಲ್ಲಿ ಹುಟ್ಟಿದ ಪಾದ್ರಿ ಜೋಸೆಫ್ ವಾಜ್, 1677ರ ಆಗಸ್ಟ್ 5ರಂದು ಒಂದು ಕಾಗದ ಬರೆದರು: ತಾನು ಇನ್ನು ಎಂದೆಂದಿಗೂ ದೇವಮಾತೆಯ ಗುಲಾಮ. ಕಥೊಲಿಕರಿಗೆ ತಾಯಿಯ ಆಳಾಗುವುದೆಂದರೆ ಅವಳ ಮಗನ ಆಳಾಗುವುದೇ. 1681ರಲ್ಲಿ ಅವರು ಕೆನರಾಕ್ಕೆ ಬಂದರು. ಕೆಳದಿಯಲ್ಲಿ ಚೆನ್ನಮ್ಮಾಜಿ ಆಳುತ್ತಿದ್ದ ಕಾಲ. ಬಸ್ರೂರು, ಗಂಗೊಳ್ಳಿ, ಕುಂದಾಪುರದ ಕ್ರೈಸ್ತರ ನಡುವೆ ಮೂರು ವರ್ಷ ದುಡಿದರು. ಆಗ ಇಲ್ಲಿನ ಚರ್ಚುಗಳ ಮೇಲೆ ಯಾರ ಅಧಿಕಾರವೆಂದು ಪದ್ರುವಾದೋ ಎಂಬ ಪೋರ್ಚುಗೀಸ್ ದೊರೆಯ ಧರ್ಮಾಧಿಕಾರಕ್ಕೂ ಪ್ರೊಪಗಾಂಡಾ ಎಂಬ ರೋಮಿನ ಧರ್ಮಪ್ರಚಾರ ಸಭೆಗೂ ದೊಡ್ಡ ಜಟಾಪಟಿ ನಡೆದಿತ್ತು. ಪೋರ್ಚುಗೀಸರ ಗೋವೆಯ ಕಡೆಯಿಂದ ಬಂದ ವಾಜ್ ಜಗಳ ಬೆಳೆಸದೆ ಸಮಾಧಾನಕ್ಕೆ ದುಡಿದರು. ದೇವರ ಹೆಸರಿನಲ್ಲೇ ಎರಡನೆಯ ದೋಣಿ ತೇಲಿ ಬರುವುದುಂಟು. ಪಕ್ಷ, ಪದವಿ, ನಮ್ಮವರು ಎಂಬ ಹೆಮ್ಮೆ. ಅದರ ಮೇಲೆ ಕಾಲಿಡದಿರುವುದೇ ಎಲ್ಲಕ್ಕಿಂತ ಕಷ್ಟವೆಂದು ನನ್ನ ನಂಬಿಕೆ.

1687ರಲ್ಲಿ ಅವರು ಸಿಲೋನಿಗೆ ದಾಟಿದರು. ಡಚ್ಚರು ಕಥೊಲಿಕ್ ಪಾದ್ರಿಗಳನ್ನು ನಿಷೇಧಿಸಿದ್ದರಿಂದ ಕೂಲಿಯಾಳಿನ ವೇಷದಲ್ಲಿ ಹೋದರು. ಕ್ಯಾಂಡಿಯಲ್ಲಿ ಪೋರ್ಚುಗೀಸರ ಗೂಢಚಾರನೆಂದು ಅವರನ್ನು ಸೆರೆಗೆ ಹಾಕಿದರು. ಸೆರೆಯಲ್ಲೇ ವಾಜ್ ಸಿಂಹಳ ಕಲಿತರು. 1697ರಲ್ಲಿ ಸಿಡುಬು ಬಂದು ಜನ ಊರು ಬಿಟ್ಟು ಓಡುವಾಗ ವಾಜ್ ರೋಗಿಗಳ ಪಕ್ಕ ಕುಳಿತರು, ಅವರ ಜಾತಿ ಮತ ಕೇಳಲಿಲ್ಲ. ಒಬ್ಬನಿಗೆ ಪೂರ್ತಿ ಕೊಟ್ಟುಕೊಂಡ ಮನಸ್ಸು ಉಳಿದವರಿಗೆ ಬಾಗಿಲು ಹಾಕುತ್ತದೆಂದು ಹೆದರುವವರು ಇದೊಂದನ್ನು ನೋಡಬೇಕು. ಬಿಷಪ್ ಪದವಿ ಬೇಡವೆಂದರು. ಗೋವೆಗೆ ಮರಳಲೇ ಇಲ್ಲ. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ತೀರಿಕೊಂಡರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಸಾರಿದರು.

ಆ ಕಾಗದ ಬರೆದಾಗ ವಾಜ್ ಅವರಿಗೆ 26 ವರ್ಷ. ಆ ಪ್ರಾಯದಲ್ಲಿ ಎಂಥ ಪ್ರತಿಜ್ಞೆಯೂ ಬರುತ್ತದೆ. ನನ್ನನ್ನು ತಟ್ಟುವುದು ಮುಂದಿನ 33 ವರ್ಷ. ಆ ಕಾಗದದ ಒಂದು ಅಕ್ಷರವನ್ನೂ ಅವರು ತಿದ್ದಲಿಲ್ಲ.

ಸಂತರ ಕತೆ ದೊಡ್ಡದಾಯಿತು, ನಮ್ಮಂಥವರಿಗೆ ಎಟುಕದು ಎನ್ನಬೇಡಿ. ಕುಂದಾಪುರ, ಗಂಗೊಳ್ಳಿ, ಬೈಂದೂರಿನ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಮುಸ್ಸಂಜೆಗೆ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಹೇಳುತ್ತಾರೆ. ಜಪಮಣಿ ಹಿಡಿದ ಅಜ್ಜಿಗೆ ಬೆನ್ನು ನೋಯುತ್ತಿರುತ್ತದೆ, ಮಗ ಗಲ್ಫಿನಲ್ಲಿರುತ್ತಾನೆ, ಮೊಮ್ಮಗನ ಕಣ್ಣು ಮೊಬೈಲಿನಲ್ಲಿರುತ್ತದೆ. ಆದರೂ ಮಣಿ ಸರಿಯುತ್ತದೆ. ಮಳೆಗಾಲದಲ್ಲಿ ಕರೆಂಟು ಹೋದರೂ ಸರಿಯುತ್ತದೆ, ಮನೆಯಲ್ಲಿ ಸಾವಾದ ದಿನವೂ ಸರಿಯುತ್ತದೆ. ಮದುವೆಯಾಗಿ ಬಂದಂದಿನಿಂದ ಅವಳ ಎರಡೂ ಕಾಲು ಒಂದೇ ದೋಣಿಯಲ್ಲಿವೆ.

ಅಂಥ ಅಜ್ಜಿ ನಿಮ್ಮ ಮನೆಯಲ್ಲಿದ್ದರೆ, ಇವತ್ತು ಸಂಜೆ ಅವಳ ಪಕ್ಕ ಹೋಗಿ ಕುಳಿತುಕೊಳ್ಳಿ.