ಬೂತಾಯಿ ಮತ್ತು ಸೊನ್ನೆ

ಮಂಗಳೂರಿನ ಧಕ್ಕೆಗೆ ಒಂದು ವರ್ಷ ಬೂತಾಯಿ ರಾಶಿರಾಶಿ ಬರುತ್ತದೆ. ಇನ್ನೊಂದು ವರ್ಷ ಬುಟ್ಟಿಯೂ ತುಂಬುವುದಿಲ್ಲ. ನೆರೆಯ ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ನಿನ ಹತ್ತಿರ ಸಿಕ್ಕಿದ್ದ ಇದೇ ಮೀನು 2021ರಲ್ಲಿ ನಾಲ್ಕು ಸಾವಿರ ಟನ್ನನ್ನೂ ಮುಟ್ಟಲಿಲ್ಲ. ಈ ಕರಾವಳಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ 1920ರ ದಶಕದಲ್ಲೇ ಮೀನು ಸಂಶೋಧಕ ಜೇಮ್ಸ್ ಹಾರ್ನೆಲ್ ಈ ಏರಿಳಿತದ ಕಾರಣದ ಬೆನ್ನು ಹತ್ತಿದ್ದರು. ಹುಡುಕಾಟ ಇನ್ನೂ ನಿಂತಿಲ್ಲ.

ಕಾರಣಗಳಿಗೇನೂ ಬರವಿಲ್ಲ. ಮುಂಗಾರಿನ ಗಾಳಿ, ಅದು ತಳದಿಂದ ಮೇಲೆಬ್ಬಿಸುವ ತಣ್ಣೀರು, ಆ ನೀರಲ್ಲಿ ಬೆಳೆಯುವ ಡಯಾಟಂ ಎಂಬ ಸೂಕ್ಷ್ಮ ಪಾಚಿ, ಎಲ್ ನಿನೊ, ಬಲೆಯ ಕಣ್ಣು, ಬೋಟುಗಳ ಸಂಖ್ಯೆ. ಒಂದೊಂದನ್ನೂ ತಿಂಗಳುವಾರು ಬಿಡಿಸಿದರೆ ನೂರಾರು ಅಂಶಗಳಾಗುತ್ತವೆ. ಹಿಡಿದ ಮೀನಿನ ಕ್ರಮಬದ್ಧ ಲೆಕ್ಕ ಇರುವುದು ಕೆಲವೇ ದಶಕಗಳದ್ದು. ವರ್ಷಗಳಿಗಿಂತ ಅಂಶಗಳು ಹೆಚ್ಚಾದಾಗ ಯಾವ ಕಥೆಯನ್ನಾದರೂ ಅಂಕಿಗಳಿಗೆ ಹೊಂದಿಸಬಹುದು.

ಇಂಥ ಇಕ್ಕಟ್ಟಿಗೆ ಒದಗುವ ಲ್ಯಾಸೊ ವಿಧಾನವನ್ನು ಸಂಖ್ಯಾಶಾಸ್ತ್ರಜ್ಞ ರಾಬರ್ಟ್ ಟಿಬ್ಶಿರಾನಿ 1996ರಲ್ಲಿ ಕೊಟ್ಟರು. ಲೆಕ್ಕದೊಳಗೆ ಉಳಿಯಬೇಕಾದರೆ ಪ್ರತಿ ಅಂಶವೂ ಸುಂಕ ಕಟ್ಟಬೇಕು. ಕಟ್ಟಲಾಗದ್ದರ ತೂಕ ಸೊನ್ನೆಯಾಗುತ್ತದೆ. 2008ರಲ್ಲಿ ಅವರೂ ಫ್ರೀಡ್‌ಮನ್, ಹೇಸ್ಟಿ ಅವರೂ ಕೂಡಿ ಇದೇ ಉಪಾಯವನ್ನು ಅಂಶಗಳ ನಡುವಿನ ಸಂಬಂಧಗಳ ಜಾಲಕ್ಕೆ ಅನ್ವಯಿಸಿದರು. ಗಾಳಿಯೂ ಮೀನೂ ಜೊತೆಯಾಗಿ ಏರಿಳಿಯುತ್ತವೆ ಎನ್ನೋಣ. ತಣ್ಣೀರಿನ ಪಾಲನ್ನು ಲೆಕ್ಕಕ್ಕೆ ಹಿಡಿದ ಮೇಲೆ ಜಾಲದಲ್ಲಿ ಅವೆರಡರ ನಡುವಿನ ಗೆರೆ ಅಳಿಸಿಹೋಗಬಹುದು. ಹಾಗೆಂದು ಗಾಳಿ ನಿರ್ದೋಷಿಯಲ್ಲ. ಅದರ ಕೈ ನೀರಿನ ಮೂಲಕ ಚಾಚಿದೆ, ಅಷ್ಟೆ.

ನನ್ನನ್ನು ಕಾಡುವುದು ಈ ಸೊನ್ನೆಯೇ. ಜಾಲದಲ್ಲಿ ಅದು ‘ನೇರ ನಂಟಿಲ್ಲ’ ಎನ್ನುತ್ತದೆ. ಲ್ಯಾಸೊದಲ್ಲಿ ಅದು ಹೇಳುವುದು ಇನ್ನೂ ಕಡಿಮೆ: ಇಷ್ಟು ವರ್ಷಗಳ ಸಾಕ್ಷ್ಯದಲ್ಲಿ ಇದನ್ನು ಉಳಿಸಿಕೊಳ್ಳಲಾಗಲಿಲ್ಲ, ಎಂದು. ಒಂದರಂತೆಯೇ ಇನ್ನೊಂದು ನಡೆಯುವ ಎರಡು ಅಂಶಗಳಿದ್ದರೆ ಒಂದನ್ನಿಟ್ಟು ಇನ್ನೊಂದನ್ನು ಕೈಬಿಡುವುದೂ ಲ್ಯಾಸೊದ ಸ್ವಭಾವ. ಕೆಲವು ವರ್ಷ ಆಚೀಚೆಯಾದರೆ ಆಯ್ಕೆಯೂ ಅದಲುಬದಲು.

ಅದಕ್ಕಿಂತ ಗಂಭೀರವಾದದ್ದು ಅಳತೆಯ ವಿಷಯ. ಸರಿಯಾಗಿ ಅಳೆಯದ ಅಂಶದ ತೂಕ ಸಾಮಾನ್ಯವಾಗಿ ಕುಗ್ಗಿ ಕಾಣುತ್ತದೆ, ಬೇಗ ಸೊನ್ನೆಗೆ ಬೀಳುತ್ತದೆ. ಕಡಲ ಮೇಲ್ಮೈಯ ಬಿಸಿಯನ್ನು ಉಪಗ್ರಹ ನೋಡುತ್ತಲೇ ಇರುತ್ತದೆ. ಸಣ್ಣ ಕಣ್ಣಿನ ಬಲೆಗೆ ಸಿಕ್ಕ ಮರಿ ಬೂತಾಯಿಗಳನ್ನು ಅಷ್ಟೇ ನಿಖರವಾಗಿ ಎಣಿಸಿದವರು ಯಾರು? ಆಗ ಕಡಲಿನ ಬಿಸಿ ಆಯ್ಕೆಯಾದ ಅಂಶಗಳ ಪಟ್ಟಿಯಲ್ಲಿ ಉಳಿದು, ಮನುಷ್ಯನ ಕೈವಾಡ ಜಾರಿಹೋಗಬಹುದು. ಆ ಪಟ್ಟಿಯ ಮೇಲೆ ಮೀನುಗಾರಿಕೆಯ ನಿಯಮವೇ ನಿಂತರೆ, ನಾಡದೋಣಿಯವನ ಮುಂದಿನ ಹಂಗಾಮು ನಮ್ಮ ಎಣಿಕೆಯ ಸೋಮಾರಿತನಕ್ಕೆ ಬಲಿ. ಹಾಗಾಗಿ ಆಯ್ಕೆಯಾದವುಗಳ ಜೊತೆಗೆ ಬಿಟ್ಟುಹೋದವುಗಳ ಪಟ್ಟಿಯನ್ನೂ, ಒಂದೊಂದನ್ನೂ ಹೇಗೆ ಅಳೆದರೆಂಬುದನ್ನೂ ಅಚ್ಚು ಹಾಕಬೇಕು. ಅದನ್ನು ಧಕ್ಕೆಯಲ್ಲಿ ಮೀನು ಇಳಿಸುವವರ ಮುಂದೆಯೂ ಓದಬೇಕು.